ಅಂಚು ಬಿಡುವ ಲೆಕ್ಕ

ಗಣಿತದ ಮೇಷ್ಟ್ರಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಅಂಚು ಬಿಡದೆ ಬರೆದವನ ಲೆಕ್ಕ ಸರಿಯಿದ್ದರೂ ಅರ್ಧ ಅಂಕ ಕಳೆಯುತ್ತಿದ್ದೆ. ಹೀಗಾಗಿ ಸಾಫ್ಟ್‌ವೇರ್ ಮಂದಿಯೂ ಅಂಚಿಗಾಗಿ ಜಗಳವಾಡುತ್ತಾರೆಂದು ಸೊಸೆಯಿಂದ ತಿಳಿದಾಗ ನನಗೆ ಸಂತೋಷವೇ ಆಯಿತು.

ಪ್ರೋಗ್ರಾಮಿನಲ್ಲಿ ಒಂದು ಸೂಚನೆಗೆ ಅಧೀನವಾದ ಸಾಲುಗಳನ್ನು ಬಲಕ್ಕೆ ಸರಿಸಿ ಬರೆಯುವುದು ರೂಢಿ. ಸ್ಪೇಸ್ ಬಳಸಿ ಸರಿಸಿದರೆ ನಾಲ್ಕು ಅಕ್ಷರದ ಜಾಗ ಎಲ್ಲರಿಗೂ ನಾಲ್ಕೇ. ಟ್ಯಾಬ್ ಬಳಸಿದರೆ ಕಡತದಲ್ಲಿರುವುದು ಒಂದೇ ಚಿಹ್ನೆ. ಅದು ಎಷ್ಟು ಅಗಲ ಕಾಣಬೇಕೆಂಬುದು ಓದುವವನ ಇಷ್ಟ. ಲಿನಕ್ಸ್ ಕರ್ನಲ್‌ನ ನಿಯಮದಲ್ಲಿ ಟ್ಯಾಬ್ ಎಂದರೆ 8 ಅಕ್ಷರ. ಮೂರು ಹಂತಕ್ಕಿಂತ ಒಳಗೆ ಸರಿಯಬೇಕಾಗಿ ಬಂದರೆ ಪ್ರೋಗ್ರಾಮನ್ನೇ ತಿದ್ದಿಕೊಳ್ಳಿ ಎಂಬ ಗದರಿಕೆಯೂ ಅಲ್ಲಿದೆ. (ಬರೆದವರು ಮೇಷ್ಟ್ರಾಗಬಹುದಿತ್ತು!) ಪೈಥಾನ್‌ನವರ 2001ರ ಪೆಪ್ 8 ಹೇಳುವುದು 4 ಸ್ಪೇಸ್, ಸಾಲಿಗೆ 79 ಅಕ್ಷರ. ಗೋ ಭಾಷೆಯವರು ಜಾಣರು. ಗೋಫಮ್ಟ್ ಎಂಬ ಸಾಧನವೇ ಟ್ಯಾಬ್ ಹಾಕಿಬಿಡುತ್ತದೆ.

ಸಾಲಿನ ಉದ್ದದ ಕಥೆ ಇನ್ನೂ ಸೊಗಸು. ಐಬಿಎಂ 1928ರಲ್ಲಿ ತಂದ ರಂಧ್ರಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. ಕಾರ್ಡು ಹೋಯಿತು, 80 ಉಳಿಯಿತು. 2020ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಕಟ್ಟುನಿಟ್ಟನ್ನು ಆಕ್ಷೇಪಿಸಿದ ಮೇಲೆ ಕರ್ನಲ್‌ನ ತಪಾಸಣಾ ಸಾಧನ ಎಚ್ಚರಿಕೆಯ ಗಡಿಯನ್ನು 100ಕ್ಕೆ ಏರಿಸಿತು. ಆದರೂ ಮೆಚ್ಚಿನ ಅಳತೆ 80 ಎಂದೇ ನಿಯಮದಲ್ಲಿದೆ.

ಸೊಸೆಯ ತಂಡದಲ್ಲಿ ಬಳಕೆಯಲ್ಲಿದ್ದದ್ದು 4 ಸ್ಪೇಸ್. ಆ ತಂಡದಲ್ಲೊಬ್ಬ ಮಂದದೃಷ್ಟಿಯ ಹುಡುಗ. ಅಕ್ಷರಗಳನ್ನು ಹಿಗ್ಗಿಸಿಕೊಂಡು ಓದುವುದರಿಂದ ಅವನ ಪರದೆಯಲ್ಲಿ ಸಾಲಿಗೆ ಹಿಡಿಯುವುದು 45 ಅಕ್ಷರ. ನಾಲ್ಕು ಹಂತ ಒಳಸರಿದ ಸಾಲಿನಲ್ಲಿ 16 ಖಾಲಿ ಜಾಗಕ್ಕೇ ಹೋಗಿ 29 ಉಳಿಯುತ್ತದೆ. ಟ್ಯಾಬ್ ಆಗಿದ್ದರೆ ಅದರ ಅಗಲವನ್ನು ಒಂದಕ್ಕಿಳಿಸಿ 41 ಓದಬಹುದಿತ್ತು. ಹುಡುಗ ಸಂಕೋಚದವನು, ಹೇಳಲಿಲ್ಲ. ‘ಕೆಲಸ ನಿಧಾನ’ ಎಂಬ ಮಾತು ಅವನ ವಾರ್ಷಿಕ ಮೌಲ್ಯಮಾಪನದಲ್ಲಿ ಸೇರಿಹೋಯಿತು.

ಟ್ಯಾಬ್‌ಗೆ ಬದಲಾಗೋಣವೆಂದು ಸೊಸೆ ಹೇಳಿದಾಗ, ಎಲ್ಲರಿಗೂ ಒಂದೇ ತೆರನಾಗಿ ಕಾಣಬೇಕೆಂದು ಹಿರಿಯರಿಬ್ಬರು ಹಟ ಹಿಡಿದರು. ಆ ರಾತ್ರಿ ಅವಳು ಫೋನಿನಲ್ಲಿ ಕೇಳಿದಳು: “ಮಾವ, ಬೋರ್ಡು ಕಾಣದ ಮಕ್ಕಳನ್ನ ನೀವು ಎಲ್ಲಿ ಕೂರಿಸ್ತಿದ್ರಿ?”

“ಮುಂದಿನ ಬೆಂಚಲ್ಲಿ. ಅದಕ್ಕೆ ಹಿಂದಿನವರ ಒಪ್ಪಿಗೆ ಕೇಳ್ತಿರಲಿಲ್ಲ ಕಣಮ್ಮ” ಎಂದೆ.

ಎಲ್ಲರಿಗೂ ಒಂದೇ ತೆರ ಎಂಬ ವಾದ ಕೇಳಲು ನ್ಯಾಯವಾಗಿಯೇ ಇದೆ. ಎಲ್ಲರ ಕಣ್ಣೂ ಒಂದೇ ತೆರನಾಗಿದ್ದರೆ ನಾನೂ ಒಪ್ಪುತ್ತಿದ್ದೆ.

ಕಡೆಗೆ ಟ್ಯಾಬ್ ಗೆದ್ದಿತು. ಹಿರಿಯರು ಸಾಲಿನ ಉದ್ದವನ್ನಾದರೂ 100 ಮಾಡಿ ಎಂದಾಗ ಹುಡುಗನೇ ಮೊದಲ ಬಾರಿಗೆ ಬಾಯಿಬಿಟ್ಟನಂತೆ: 80 ಅಕ್ಷರದ ಸಾಲು ತನ್ನ ಪರದೆಯಲ್ಲಿ ಎರಡಾಗಿ ಮಡಚಿದರೆ, 100ರದು ಮೂರಾಗುತ್ತದೆ. ಲೆಕ್ಕ ಸರಿಯಾಗಿತ್ತು, 80 ಉಳಿಯಿತು. ಹಳೆಯ ಕಡತಗಳನ್ನೆಲ್ಲ ಒಮ್ಮೆಲೇ ಬದಲಿಸಿದ್ದರಿಂದ ಪ್ರತಿ ಸಾಲೂ ಸೊಸೆಯೇ ಬರೆದಂತೆ ಗಿಟ್ ದಾಖಲೆ ತೋರಿಸತೊಡಗಿತು. ಆ ಒಂದು ಬದಲಾವಣೆಯನ್ನು ಗಣನೆಯಿಂದ ಬಿಡುವಂತೆ ಗಿಟ್‌ಗೆ ತಿಳಿಸುವ ಕೆಲಸವನ್ನು ಅದೇ ಹುಡುಗ ಮಾಡಿಕೊಟ್ಟನಂತೆ. ಅವನ ಮೌಲ್ಯಮಾಪನವನ್ನು ತಿದ್ದಿಸಲು ಸೊಸೆ ಪತ್ರ ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.