ಎರವಲು ಹೋಗಿ ಬಂದ ವಾಯರ್

ಗ್ರೈಂಡರ್ ಅಂದಕೂಡಲೇ ನಿಮ್ಮಲ್ಲಿ ಬಹಳ ಮಂದಿಗೆ ದೋಸೆ ಹಿಟ್ಟು ನೆನಪಾಗಿರಬೇಕು. ನಮ್ಮ ತಾರಿಹಾಳದಾಗ ಹಂಗಲ್ಲ. ಕೈಗಾರಿಕಾ ಪ್ರದೇಶ ಮಗ್ಗುಲಲ್ಲೇ ಇರುವುದರಿಂದ ಇಲ್ಲಿ ಗ್ರೈಂಡರ್ ಎಂದರೆ ಕಬ್ಬಿಣ ಕೊಯ್ಯುವ, ವೆಲ್ಡಿಂಗ್ ಗಂಟನ್ನು ತಿಕ್ಕಿ ನುಣುಪು ಮಾಡುವ ಕೈ ಮಷೀನು. ಮನೆ ಕಟ್ಟಿಸುವವರಿಗೆ ಗೇಟು, ಕಿಟಕಿ ಗ್ರಿಲ್ ಮಾಡಿಕೊಡುವ ಸಣ್ಣ ಶೆಡ್ ನಮ್ಮದು. ಮೈದುನ ಕೆಲಸ ನೋಡುತ್ತಾನೆ, ನಾನು ಲೆಕ್ಕ ಬರೆಯುತ್ತೇನೆ. ಶೆಡ್ಡು ಹಿತ್ತಲಿಗೆ ಅಂಟಿಕೊಂಡೇ ಇದೆ. ಅರಿವಿ ಒಣಹಾಕಲು ಹೋದಾಗೆಲ್ಲ ನನ್ನ ಕಾಲಿಗೆ ಸಿಗುತ್ತಿದ್ದುದು ಆ ಮಷೀನಲ್ಲ, ಅದಕ್ಕೆ ಕರೆಂಟು ಒಯ್ಯುವ ವಾಯರ್.

ಮಷೀನಿಗೆ ಎಲ್ಲರೂ ಅಂಜುತ್ತಾರೆ. ಅಂಜಲೇಬೇಕು. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆ. ಚಕ್ರ ಬದಲಿಸುವ ಮೊದಲು ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಚಕ್ರದ ಮೇಲೆ ಬರೆದ ವೇಗ ಮಷೀನಿನ ವೇಗಕ್ಕಿಂತ ಕಡಿಮೆ ಇರಬಾರದು. ಕೆಲವರು ಗಾರ್ಡ್ ತೆಗೆದು ಸಣ್ಣ ಮಷೀನಿಗೆ ದೊಡ್ಡ ಚಕ್ರ ಸಿಗಿಸುತ್ತಾರೆ. ಅದು ಒಡೆದು ಹಾರಿದರೆ ತಡೆಯುವವರು ಯಾರೂ ಇಲ್ಲ. ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ಚಕ್ರಕ್ಕೂ ಔಷಧಿಯಂತೆ ಅವಧಿ ಇರುತ್ತದೆ, ಚಲೋ ಕಂಪನಿಯ ಚಕ್ರದ ನಡುವಿನ ಲೋಹದ ಬಳೆಯ ಮೇಲೆ ಬರೆದಿರುತ್ತದೆ. ಹೊಸ ಚಕ್ರ ಹಾಕಿದ ಮೇಲೆ ಮೈದುನ ಅರ್ಧ ನಿಮಿಷ ಅದನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಸುಮ್ಮನೆ ಓಡಿಸುತ್ತಾನೆ, ಆಮೇಲೆ ಕಬ್ಬಿಣಕ್ಕೆ ಹಚ್ಚುತ್ತಾನೆ. ಕಣ್ಣಿಗೆ ಕನ್ನಡಕ, ಪಕ್ಕದ ಹಿಡಿಕೆಗೆ ಎರಡನೆಯ ಕೈ, ಇದೆಲ್ಲ ಅವನಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ವಾಯರಿಗೆ ಅಂಜುವವರು ಕಡಿಮೆ. ಅದು ಸದ್ದು ಮಾಡುವುದಿಲ್ಲ, ಕಿಡಿ ಹಾರಿಸುವುದಿಲ್ಲ. ಮೇಲಾಗಿ ಅದು ಯಾರೊಬ್ಬರದೂ ಅಲ್ಲ. ನಮ್ಮ ಓಣಿಯಲ್ಲಿ ಗ್ರೈಂಡರ್ ಕೇಳಿದರೆ ಹತ್ತು ಸಲ ವಿಚಾರ ಮಾಡಿ ಕೊಡುತ್ತಾರೆ, ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಮೊಸರಿನ ಹೆಪ್ಪು ಇದ್ದಂಗ, ಕೇಳಿದವರಿಗೆಲ್ಲ ಹೋಗುತ್ತದೆ. ಮದುವೆ ಹಂದರಕ್ಕೆ, ಗಣಪತಿ ಪೆಂಡಾಲಿಗೆ, ಕೊಳವೆಬಾವಿ ರಿಪೇರಿಗೆ. ಎಲ್ಲಿ ಯಾರ ಕಾಲಡಿ ಸಿಕ್ಕಿತು, ಯಾವ ಬಾಗಿಲಲ್ಲಿ ಜಜ್ಜಿತು, ಕೇಳುವವರಿಲ್ಲ. ತಿರುಗಿ ಬರುವಾಗ ಸುರುಳಿ ಮಾತ್ರ ಚಂದಾಗಿ ಸುತ್ತಿರುತ್ತದೆ.

ಒಂದು ವರ್ಷ ಚೌತಿ ಮುಗಿದ ಮೇಲೆ ನಮ್ಮ ವಾಯರೂ ಹಾಗೆಯೇ ಬಂತು. ಅದಕ್ಕೂ ಸ್ವಲ್ಪ ದಿನ ಮೊದಲು ಶೆಡ್ಡಿನ ಮೀಟರ್ ಬೋರ್ಡಿಗೆ ಆರ್‌ಸಿಸಿಬಿ ಕೂಡಿಸಿದ್ದೆವು. ಹೋದ ಕರೆಂಟು ಅಷ್ಟೇ ತಿರುಗಿ ಬಂತೋ ಇಲ್ಲವೋ ಎಂದು ಅದು ಸದಾ ನೋಡುತ್ತಿರುತ್ತದೆ. ನಮ್ಮದು 30 ಮಿಲಿ ಆಂಪಿಯರ್‌ನದು, ಅಷ್ಟು ಸೋರಿದರೂ ಸಾಕು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಂದ್ ಮಾಡುತ್ತದೆ. ಮಾಮೂಲಿ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಬೀಳುತ್ತದೆ, ಮನುಷ್ಯನ ಮೈಯೊಳಗೆ ಹಾಯುವ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ.

ಅವತ್ತು ಮಳೆ ಬಂದು ನಿಂತಿತ್ತು. ಎರಿ ಮಣ್ಣಿನ ಅಂಗಳ, ಅಲ್ಲಲ್ಲಿ ನೀರು. ಗ್ರೈಂಡರ್ ಹಚ್ಚಿದರೆ ಸಾಕು, ಆರ್‌ಸಿಸಿಬಿ ಬೀಳುತ್ತಿತ್ತು. ಮೂರನೆಯ ಸಲಕ್ಕೆ ಮೈದುನನಿಗೆ ಸಿಟ್ಟು ಬಂತು.

“ವೈನಿ, ಈ ಡಬ್ಬಿ ತಗಸ್ರಿ ಅತ್ಲಾಗ. ಕೆಲಸಾ ಮಾಡಾಕ ಬಿಡವಲ್ದು.”

“ಅದು ಸುಮ್ಮ ಬೀಳಂಗಿಲ್ಲಪಾ. ಎಲ್ಲೋ ಸೋರಾಕತ್ತೈತಿ, ಮೊದಲ ಅದನ್ನ ನೋಡು.”

ಗೊಣಗುತ್ತಲೇ ಪ್ಲಗ್ ಕಿತ್ತು, ವಾಯರನ್ನು ಒಂದು ತುದಿಯಿಂದ ಕೈಯಲ್ಲಿ ಹಿಡಿದು ಎಳೆದುಕೊಳ್ಳುತ್ತ ಹೋದ. ನಡುವೆ, ನೀರು ನಿಂತ ಕುಳಿಯೊಳಗೆ, ಕರಿ ಟೇಪು ಸುತ್ತಿದ ಒಂದು ಗಂಟು. ಯಾರೋ ಕತ್ತರಿಸಿ ಮತ್ತೆ ಜೋಡಿಸಿದ್ದರು. ಅದೇ ಕುಳಿಯ ದಂಡೆಗೆ ನನ್ನ ಮಗಳು ಬರಿಗಾಲಲ್ಲಿ ಕುಂತು ಸಾಲಿ ಬೂಟಿನ ಕೆಸರು ತೊಳೆಯುತ್ತಿದ್ದಳು. ಮೈದುನ ಆ ಗಂಟು ನೋಡಿದ, ಹುಡುಗಿಯನ್ನು ನೋಡಿದ, ಏನೂ ಅನ್ನಲಿಲ್ಲ. ಆಮೇಲೆ ಡಬ್ಬಿ ತೆಗೆಸುವ ಮಾತು ಅವನ ಬಾಯಿಂದ ಬಂದಿಲ್ಲ.

ಗಂಟಿಗೆ ಮತ್ತೆ ಟೇಪು ಸುತ್ತಲಿಲ್ಲ. ಅಲ್ಲಿಗೇ ಕತ್ತರಿಸಿ, ಹೊಸ ಪ್ಲಗ್ಗು ಸಾಕೆಟ್ಟು ಹಾಕಿಸಿ ಎರಡು ಗಿಡ್ಡ ವಾಯರ್ ಮಾಡಿದೆವು. ಸಣ್ಣ ಗ್ರೈಂಡರಿಗೆ ಅವು ಸಾಕು. 850 ವ್ಯಾಟಿನ ಮಷೀನು 230 ವೋಲ್ಟಿನಲ್ಲಿ 4 ಆಂಪಿಯರ್ ಒಳಗೇ ಎಳೆಯುತ್ತದೆ. ಆದರೆ 7 ಇಂಚಿನ 2200 ವ್ಯಾಟಿನದು ಹತ್ತಿರ ಹತ್ತಿರ 10 ಆಂಪಿಯರ್. ಟಿವಿ, ಮೊಬೈಲಿಗೆಂದು ತಂದ 6 ಆಂಪಿಯರ್ ಬೋರ್ಡಿಗೆ ಅದನ್ನು ಸಿಗಿಸುವುದೆಂದರೆ ಸೈಕಲ್ಲಿನ ಮೇಲೆ ಭತ್ತದ ಮೂಟೆ ಹೇರಿದಂತೆ. ಅದಕ್ಕಾಗಿ 2.5 ಸ್ಕ್ವೇರ್ ಎಂಎಂನ 3 ಕೋರ್ ವಾಯರ್, 16 ಆಂಪಿಯರ್ ಪ್ಲಗ್ ತಂದೆವು. ತುಟ್ಟಿಯಾಯಿತು, ನಿಜ. ಎಷ್ಟು ದಪ್ಪ ಇದ್ದರೂ ಸುರುಳಿ ಪೂರಾ ಬಿಚ್ಚಿಯೇ ಹಚ್ಚಬೇಕು. ಸುತ್ತಿಟ್ಟ ವಾಯರಿನ ಕಾವು ಹೊರಗೆ ಹೋಗಲಾರದು, ಬಿಸಿ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದಂತೆ ಒಳಗೊಳಗೇ ಬೇಯುತ್ತದೆ.

ಈಗ ವಾಯರ್ ನೆಲದ ಮೇಲೆ ಹಾಯುವುದಿಲ್ಲ, ತಲೆ ಮೇಲಿನ ಕೊಕ್ಕೆಗಳಲ್ಲಿ ಬರುತ್ತದೆ. ಕಿಡಿ ಹಾರುವ ದಿಕ್ಕಿಗೆ ಬಿಡದೆ ಕೆಲಸಗಾರನ ಬೆನ್ನ ಹಿಂದಿನಿಂದ ತರುತ್ತಾರೆ. ಕರೆಂಟು ಹೋದರೆ ಮೊದಲು ಗ್ರೈಂಡರಿನ ಸ್ವಿಚ್ ಬಂದ್. ನಮ್ಮದರ ಸ್ವಿಚ್ಚು ಒತ್ತಿದರೆ ಹಾಗೇ ಲಾಕ್ ಆಗಿ ನಿಲ್ಲುತ್ತದೆ. ಚಹಾ ಕುಡಿಯಲು ಹೋದಾಗ ಕರೆಂಟು ಬಂದರೆ ಬೆಂಚಿನ ಮೇಲಿನ ಮಷೀನು ತಾನೇ ಎದ್ದು ಕುಣಿಯುತ್ತದೆ.

ಎರವಲು ನಿಲ್ಲಿಸೋಣ ಅಂತ ನನಗಿತ್ತು. ಮಾವ ಒಪ್ಪಲಿಲ್ಲ. “ಕೇಳಿದವರಿಗೆ ಇಲ್ಲ ಅನಬ್ಯಾಡವಾ, ಓಣ್ಯಾಗ ಇರಬೇಕು ನಾವು” ಅಂದರು. ಅದೂ ಖರೆ. ಹಾಗಾಗಿ ಗಿಡ್ಡ ವಾಯರುಗಳಲ್ಲಿ ಒಂದನ್ನು ಕೊಡುವುದಕ್ಕೆಂದೇ ಇಟ್ಟೆವು. ಒಯ್ದವರ ಹೆಸರು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತೇನೆ. ತಂದುಕೊಟ್ಟಾಗ ಅವರ ಎದುರಿಗೇ ಸುರುಳಿ ಬಿಚ್ಚಿ, ಒಣ ಅರಿವೆಯಲ್ಲಿ ತುದಿಯಿಂದ ತುದಿಗೆ ಒರೆಸಿ ನೋಡುತ್ತೇನೆ. “ಅಕ್ಕಾರು ಅಂಗಡ್ಯಾಗ ಸೀರಿ ನೋಡಿದಂಗ ನೋಡ್ತಾರ” ಅಂತ ಬಾಜೂ ಮನೆಯವರು ನಗುತ್ತಾರೆ. ಹೋದ ವಾರ ಗೃಹಪ್ರವೇಶಕ್ಕೆ ಹೋಗಿ ಬಂದ ವಾಯರಿನಲ್ಲಿ ಮೊಳೆ ಚುಚ್ಚಿದ ತೂತು ಸಿಕ್ಕಿತು. ಅಷ್ಟುದ್ದ ಕತ್ತರಿಸಿ ಒಗೆದೆವು, ವಾಯರ್ ಇನ್ನೂ ಎರಡು ಮೊಳ ಗಿಡ್ಡಾಯಿತು.