ಅಮ್ಮಿ ನಗಲಿಲ್ಲ

ಲಾಗೋಸ್‌ನ ಕಡಲತೀರದಲ್ಲಿ ಓಡುತ್ತಿದ್ದ ಇಬ್ಬರು ಅಪರಿಚಿತರು ಡಿಕ್ಕಿ ಹೊಡೆದುಕೊಳ್ಳುತ್ತಾರೆ. ಅವನು ರಾಜ್, ಭಾರತದ ಬ್ಯಾಂಕರ್. ಅವಳು ಡಿಡಿ, ನೈಜೀರಿಯಾದ ವಕೀಲೆ. ಅಷ್ಟಕ್ಕೇ ಪ್ರೇಮ! ಹಮೀಷಾ ದಾರ್ಯಾನಿ ಅಹುಜಾ ನಿರ್ದೇಶನದ 'ನಮಸ್ತೆ ವಹಾಲಾ' 2021ರ ಪ್ರೇಮಿಗಳ ದಿನದಂದು ನೆಟ್‌ಫ್ಲಿಕ್ಸ್‌ಗೆ ಬಂದ ಚಿತ್ರ. ವಹಾಲಾ ಎಂದರೆ ಅಲ್ಲಿನ ಆಡುಮಾತಿನಲ್ಲಿ ರಗಳೆ. ಹುಡುಗನ ತಾಯಿಗೂ ಹುಡುಗಿಯ ತಂದೆಗೂ ಈ ಸಂಬಂಧ ಬೇಡ.

ಹಾಸ್ಯ ಅಲ್ಲಲ್ಲಿ ಸಪ್ಪೆ. ಉತ್ತರ ನೈಜೀರಿಯಾದ ಕಾನೋದಲ್ಲಿ ಹೌಸಾ ಮುಸ್ಲಿಮರು ದಶಕಗಳಿಂದ ಹಿಂದಿ ಸಿನಿಮಾಗಳನ್ನು ಮೆಚ್ಚಿ ನೋಡುತ್ತಾ ಬಂದಿದ್ದಾರೆ. ಪ್ರೀತಿ ಮತ್ತು ಹೆತ್ತವರ ಮಾತಿನ ನಡುವಿನ ಎಳೆದಾಟ ಅವರಿಗೆ ತಮ್ಮದೇ ಅನಿಸಿತ್ತು. ಆ ಹಳೆಯ ನಂಟು ಈ ಲಾಗೋಸ್ ಕಥೆಯಲ್ಲಿ ಇಲ್ಲ. ಇರಲಿ.

ಇಂಗ್ಲಿಷ್ ಮಾತುಗಳನ್ನು ನಾನು ಅಮ್ಮಿಗೆ ಉರ್ದುವಿನಲ್ಲಿ ಹೇಳುತ್ತಾ ಹೋದೆ. ರಾಜ್‌ನ ತಾಯಿಯ ಸಿಡಿಮಿಡಿಗೆ ಮಕ್ಕಳೆಲ್ಲ ನಕ್ಕರು. ಅಮ್ಮಿ ನಗಲಿಲ್ಲ. "ಹೆತ್ತವಳಿಗೆ ಗಾಬರಿಯಾಗದೇ ಇರುತ್ತದೆಯೇ?" ಎಂದರು.

ನಾನು ಸುಮ್ಮನಾದೆ. ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಮೆಚ್ಚಿದ್ದ ಬ್ಯಾರಿ ಹುಡುಗಿಯನ್ನು ಇದೇ ಅಮ್ಮಿ ಬೇಡವೆಂದಿದ್ದರು. ನಡುವೆ ಸಮುದ್ರವಿರಲಿಲ್ಲ, ಬರೀ ಘಟ್ಟವಿತ್ತು. ಕಿಬ್ಲಾ ಒಂದೇ, ನಮಾಝ್ ಒಂದೇ. ಅವಳಿಗೆ ಉರ್ದು ಬಾರದು ಎಂಬುದೇ ದೊಡ್ಡ ಕೊರತೆಯಾಯಿತು. ಪ್ರೇಮದ ಕಥೆಗಳನ್ನು ಬರೆಯುತ್ತಿದ್ದ ನಾನೂ ಅಂದು ತಮ್ಮನ ಪರವಾಗಿ ಒಂದು ಮಾತು ಆಡಲಿಲ್ಲ.

ಚಿತ್ರದಲ್ಲಿ ಕೊನೆಗೆ ಎಲ್ಲರೂ ಒಂದಾದರು. ಟಿ.ವಿ. ಆರಿಸಿದೆ. ಅಮ್ಮಿ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಆ ಮಂಗಳೂರಿನ ಹುಡುಗಿಗೆ ಈಗ ಎಷ್ಟು ಮಕ್ಕಳು?"

ಗೊತ್ತಿಲ್ಲ ಎಂದೆ.