ಖಾಲಿ ಜಾಗ

ನಮ್ಮ ಬೀದಿಯ ಕೊನೆಗೆ ಒಂದು ಜಾಗವಿದೆ. ಕಡತದಲ್ಲಿ ಅದರ ಹೆಸರು ಸಿ.ಎ. ಸೈಟು, ಅಂದರೆ ನಾಗರಿಕ ಸೌಕರ್ಯಕ್ಕೆಂದು ಬಿಟ್ಟ ನಿವೇಶನ; ಬೀದಿಯವರ ಬಾಯಲ್ಲಿ ‘ಖಾಲಿ ಜಾಗ’. ಅಳೆದರೆ ಎಕರೆಗೆ ನಾಲ್ಕೈದು ಗುಂಟೆ ಕಮ್ಮಿ ಬಂದೀತು. ನಡುವೆ ಒಂದು ಹೊಂಗೆ ಮರ, ಮೂಲೆಯಲ್ಲಿ ಹುತ್ತ, ಹುತ್ತದ ಮೇಲೆ ಅರಿಸಿನ ಕುಂಕುಮ. ಬೆಳಗಿನ ಜಾವ ವಾಕಿಂಗಿನವರು, ಎಂಟಕ್ಕೆ ಸೊಪ್ಪಿನ ಅಜ್ಜಿ, ಹತ್ತರ ಹೊತ್ತಿಗೆ ಇಸ್ತ್ರಿ ಗಾಡಿ, ಮಧ್ಯಾಹ್ನ ಆಟೋದವರ ನಿದ್ದೆ, ಸಂಜೆ ಹುಡುಗರ ಕ್ರಿಕೆಟ್ಟು, ರಾತ್ರಿ ನಾಯಿಗಳ ಮಹಾಸಭೆ. ಹಗಲೂ ರಾತ್ರಿ ಹೌಸ್‌ಫುಲ್ ಆಗಿರುವ ಜಾಗಕ್ಕೆ ಖಾಲಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಕಾಣೆ.

ಖಾಲಿ ಅಂದಮೇಲೆ ತುಂಬಬೇಕಲ್ಲ! ಹೋದ ತಿಂಗಳು ಬಡಾವಣೆಯ ಸಂಘದವರು ಸಭೆ ಕರೆದರು. ವಿಷಯ: ಖಾಲಿ ಜಾಗದ ಅಭಿವೃದ್ಧಿ. ನಮ್ಮಲ್ಲಿ ಚಂದಾ ಕೇಳಲು ಕರೆದರೆ ಯಾರೂ ಬರುವುದಿಲ್ಲ, ಸಲಹೆ ಕೇಳಲು ಕರೆದರೆ ಕುರ್ಚಿ ಸಾಲುವುದಿಲ್ಲ. ಎಂಜಿನಿಯರಾಗಿ ನಿವೃತ್ತರಾದ ರಾಯರು ಜೇಬಿನಿಂದ ಲಗ್ನಪತ್ರಿಕೆಯೊಂದನ್ನು ತೆಗೆದು ಅದರ ಹಿಂಬದಿಯಲ್ಲಿ ಅಲ್ಲೇ ನಕ್ಷೆ ಬರೆದರು. ಕೆಳಗೆ ಪಾರ್ಕಿಂಗು, ಅದರ ಮೇಲೆ ಸಮುದಾಯ ಭವನ, ಅದರ ಮೇಲೆ ಯೋಗ ಕೇಂದ್ರ, ತಾರಸಿಗೆ ಸೋಲಾರು. ಹೈಸ್ಕೂಲು ಮೇಷ್ಟ್ರಿಗೆ ಲೈಬ್ರರಿ ಬೇಕು. ಮೂಲೆಮನೆ ಅಮ್ಮನವರು, “ಹುತ್ತ ಹೇಗೂ ಇದೆ, ನಾಗರಕಟ್ಟೆ ಕಟ್ಟಿ ಸುತ್ತ ಪ್ರಾಂಗಣ ಮಾಡಿದರೆ ಆಯಿತಪ್ಪ” ಅಂದರು. ಹಾವು ಹುತ್ತ ಬಿಟ್ಟು ಎಷ್ಟೋ ವರ್ಷವಾಗಿದೆ. ಅದರ ಅಭಿಪ್ರಾಯ ಕೇಳಲಿಲ್ಲ. ಸೊಪ್ಪಿನ ಅಜ್ಜಿಯನ್ನೂ ಕೇಳಲಿಲ್ಲ. ಆಕೆ ಆಗ ನಮ್ಮಿಂದ ಹತ್ತು ಮಾರು ದೂರದಲ್ಲೇ ಕೂತು ದಂಟಿನ ಕಟ್ಟು ಬಿಚ್ಚಿ ಎರಡು ಮಾಡುತ್ತಿದ್ದಳು.

ಅಭಿಪ್ರಾಯ ಹದಿನಾಲ್ಕಾದಾಗ ಅಧ್ಯಕ್ಷರು ಕೈ ಎತ್ತಿ, “ನಮ್ಮ ನಮ್ಮಲ್ಲೇ ಯಾಕೆ ಜಗಳ, ತಜ್ಞರನ್ನೇ ಕರೆಸೋಣ” ಅಂದರು.

ತಜ್ಞ ಎನ್ನುವುದು ಬಹಳ ಜಾಣ ಪದ. ಬಿಡಿಸಿದರೆ ‘ಅದನ್ನು ಬಲ್ಲವನು’ ಎಂದಾಗುತ್ತದೆ. ಯಾವುದನ್ನು ಅಂತ ಮಾತ್ರ ಪದ ಬಾಯಿ ಬಿಡುವುದಿಲ್ಲ. ನಮ್ಮಲ್ಲಿಗೆ ಬಂದ ತಜ್ಞರು ಲ್ಯಾಪ್‌ಟಾಪು ಬಲ್ಲವರು. ಸಂಘದ ಕೋಣೆಯ ಗೋಡೆಗೆ ಹಳೆಯ ಪಂಚೆ ಕಟ್ಟಿ ಅದರ ಮೇಲೆ ನಮ್ಮ ಜಾಗವನ್ನು ಮೂಡಿಸಿದರು. ಹಸಿರು ಹುಲ್ಲು, ಕಾರಂಜಿ, ಚಿನ್ನದ ಕೂದಲಿನ ಎರಡು ಮಕ್ಕಳು. ನಮ್ಮ ಬೀದಿಯಲ್ಲಿ ಚಿನ್ನದ ಕೂದಲು ಇರುವುದು ಬ್ಯೂಟಿ ಪಾರ್ಲರಿನ ಹುಡುಗಿಗೆ ಮಾತ್ರ. ಚಿತ್ರದಲ್ಲಿ ನಾಯಿಯಿಲ್ಲ, ಅಜ್ಜಿಯಿಲ್ಲ, ಇಸ್ತ್ರಿ ಗಾಡಿಯಿಲ್ಲ. ಒಂದು ಪುಟದಲ್ಲಿ ‘ಪ್ರಸ್ತುತ ಬಳಕೆ: ಇಲ್ಲ’ ಎಂದಿತ್ತು. ನನ್ನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು.

ಈ ‘ಇಲ್ಲ’ ಇಂದು ನಿನ್ನೆಯದಲ್ಲ. ಕಂದಾಯ ಇಲಾಖೆಯ ಭಾಷೆಯಲ್ಲಿ ಉಳಲಾಗದ ನೆಲಕ್ಕೆ ‘ಖರಾಬು’ ಎಂಬ ಹೆಸರಿದೆ. ಖರಾಬು ಅಂದರೆ ಕೆಟ್ಟದ್ದು. ಅದರಲ್ಲೂ ಎ ಮತ್ತು ಬಿ ಎಂದು ಎರಡು ಜಾತಿ. ಕಲ್ಲು ಬಂಡೆಯ, ಬೇಸಾಯಕ್ಕೆ ಒಗ್ಗದ ನೆಲ ಎ ಖರಾಬು. ಬಿ ಖರಾಬು ಎಂದರೆ ಏನೆಂದುಕೊಂಡಿರಿ? ಬಂಡಿ ದಾರಿ, ಕಾಲು ದಾರಿ, ಹಳ್ಳ, ಕೆರೆ, ಸ್ಮಶಾನ. ಊರು ನಡೆಯುವ ದಾರಿ, ಕುಡಿಯುವ ನೀರು, ಕೊನೆಗೆ ಮಲಗುವ ಮಣ್ಣು, ಎಲ್ಲವೂ ಖರಾಬು! ಯಾಕೆಂದರೆ ಅದರಿಂದ ಕಂದಾಯ ಹುಟ್ಟುವುದಿಲ್ಲ. ಯಾರೋ ಬ್ರಿಟಿಷರ ಕಾಲದ ಲೆಕ್ಕಿಗ ದುಡ್ಡು ತಾರದ ನೆಲವನ್ನೆಲ್ಲ ಒಂದು ಕಂಬದಲ್ಲಿ ಕೂಡಿಸಿದ, ನಾವು ಆ ಕಂಬವನ್ನೇ ಪೂಜಿಸುತ್ತ ಬಂದಿದ್ದೇವೆ ಎಂದು ನನಗೆ ಅನುಮಾನ.

ಗೋಮಾಳದ ಕಥೆ ಇನ್ನೂ ಸ್ವಾರಸ್ಯ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ಹಳ್ಳಿಯಲ್ಲಿ ನೂರು ದನಕ್ಕೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಮೇವಿಗೆ ನೆಲ ಬಿಡಬೇಕು. ಒಳ್ಳೆಯ ನಿಯಮ. ಆದರೆ ಇದರ ಬಾಲದಲ್ಲೊಂದು ಕೊಂಡಿ ಇದೆ. ದನ ಕಮ್ಮಿಯಾದರೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದದ್ದನ್ನು ಬೇರೆಯದಕ್ಕೆ ಕೊಡಬಹುದು. ನಮ್ಮೂರಿಗೆ ಟ್ರ್ಯಾಕ್ಟರ್ ಬಂದ ವರ್ಷವೇ ಎತ್ತುಗಳು ಸಂತೆಗೆ ಹೋದವು. ನಾಲ್ಕಾರು ವರ್ಷಕ್ಕೆ ಅಳತೆಯವರು ಸರಪಳಿ ಹಿಡಿದು ಬಂದರು. ಊರ ದನ ಕಾದು ದೊಡ್ಡ ಬೋರೇಗೌಡ ಅನ್ನಿಸಿಕೊಂಡ ಎಂಬ ಗಾದೆ ಕೇಳಿದ್ದೇವೆ. ಆದರೆ ನಮ್ಮೂರ ನೆಲವನ್ನು ಅಷ್ಟು ದಿನ ಕಾಯ್ದದ್ದು ಯಾವ ಬೋರೇಗೌಡನೂ ಅಲ್ಲ, ಆ ಬಡಕಲು ದನಗಳೇ ಎಂದು ನಮಗೆ ತಿಳಿದದ್ದು ಅವು ಹೋದ ಮೇಲೆ. ಈಗ ಅಲ್ಲಿ ಒಂದು ಶಾಲೆ ಇದೆ, ಬಡವರ ಸೈಟುಗಳಿವೆ. ಅದಕ್ಕೆ ನನ್ನ ತಕರಾರಿಲ್ಲ. ಪಕ್ಕದಲ್ಲಿ ಆಳೆತ್ತರದ ಕಾಂಪೌಂಡೊಂದಿದೆ. ಅದರೊಳಗೆ ಏನಿದೆ ಎಂದು ಚಿಕ್ಕಪ್ಪನನ್ನು ಕೇಳಿದರೆ, “ಕಾಂಪೌಂಡಿದೆ ಕಣೋ” ಎನ್ನುತ್ತಾರೆ. ಕುರಿಯವರು ಮಾತ್ರ ಮೂರು ಮೈಲಿ ಸುತ್ತಿ ಹೋಗುತ್ತಾರೆ. ಕುರಿಗೆ ಲೆಕ್ಕದಲ್ಲಿ ದನದ ಮರ್ಯಾದೆ ಇಲ್ಲ.

ಬೆಂಗಳೂರಿನಲ್ಲಿ ದನದ ಬದಲು ನೀರಿನ ಲೆಕ್ಕ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ನಿಂತಿರುತ್ತೀರಲ್ಲ, ಅದು ಧರ್ಮಾಂಬುಧಿ ಕೆರೆಯ ಅಂಗಳ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಮನೆಗೆ ನಲ್ಲಿ ಬಂದ ಮೇಲೆ ಕೆರೆಯ ಕಡೆ ಮುಖ ಹಾಕುವವರು ಯಾರು? ಕೆರೆ ಬತ್ತಿತು, ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರೋಡ್ ಎಂದೇ ಹೆಸರು. ಏರಿ ಇದೆ, ಕೆರೆ ಇಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗಕ್ಕೆ ಬೇಕೆಂದು ಒಂದು ಪುಟ್ಟ ಕೊಳವನ್ನು ಉಳಿಸಿದ್ದಾರೆ. ಅಕ್ಕಿತಿಮ್ಮನಹಳ್ಳಿಯ ಕೆರೆಯ ಮೇಲೆ ಹಾಕಿ ಆಡುತ್ತಾರೆ. ನಮ್ಮವರು ಕೆರೆ ಕಂಡರೆ ಮೊದಲು ಆಟಕ್ಕಿಳಿಯುತ್ತಾರೆ.

ಹಾಗೆಂದು ತಜ್ಞರನ್ನೆಲ್ಲ ಒಂದೇ ಗೋಣಿಗೆ ತುಂಬುವುದು ಅನ್ಯಾಯ. ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರು 1870ರಲ್ಲಿ ಕಬ್ಬನ್ ಪಾರ್ಕಿನ ನಕ್ಷೆ ಹಾಕಿದ. ಈಗಲೂ ಅವನ ಹೆಸರಿನಲ್ಲಿರುವ ಕೆರೆಯನ್ನು 1882ರಲ್ಲಿ ಕಟ್ಟಿಸಿದ. ಎಂಜಿನಿಯರಾಗಿಯೂ ಊರಿನ ಮಧ್ಯೆ ಬಯಲು ಬಿಟ್ಟವನು ಅವನು. ಅವನು ಬಿಟ್ಟದ್ದನ್ನು ನಾವು ಉಳಿಸಿಕೊಳ್ಳಲು 1975ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಕಾಯಿದೆ ಇದ್ದೂ 1998ರಲ್ಲಿ ಪಾರ್ಕಿನ ಸುಮಾರು 32 ಎಕರೆಯನ್ನು ರಕ್ಷಣೆಯಿಂದ ಕೈಬಿಡಲು ಹೊರಟಾಗ ಜನ ಬೀದಿಗಿಳಿಯಬೇಕಾಯಿತು.

ಲಕ್ಷ್ಮಣರಾವ್ ಸಮಿತಿಯ ಮಾತು ಕೇಳಿ. ಐ.ಎ.ಎಸ್. ಅಧಿಕಾರಿಯಾಗಿದ್ದ ಎನ್. ಲಕ್ಷ್ಮಣರಾವ್ ಅವರ ನೇತೃತ್ವದಲ್ಲಿ 1985ರಲ್ಲಿ ಬೆಂಗಳೂರಿನ ಕೆರೆಗಳನ್ನು ನೋಡಲು ಸರ್ಕಾರ ತಜ್ಞರ ಸಮಿತಿ ಮಾಡಿತು. ಅವರು ಕೊಟ್ಟ ಸಲಹೆಯನ್ನು ನಮ್ಮ ಸೊಪ್ಪಿನ ಅಜ್ಜಿಯೂ ಕೊಡುತ್ತಿದ್ದಳು: ಇರುವ ಕೆರೆಯನ್ನು ಒಡೆಯಬೇಡಿ, ಒತ್ತುವರಿ ಬಿಡಿಸಿ, ಕೊಳಚೆ ಬಿಡಬೇಡಿ, ನೀರಿಲ್ಲದ ಕಡೆ ಮರ ನೆಡಿ. 1988ರಲ್ಲಿ ಸರ್ಕಾರ ಒಪ್ಪಿ ಆದೇಶವನ್ನೂ ಹೊರಡಿಸಿತು. ಒಂಬತ್ತು ವರ್ಷಕ್ಕೆ ಸರಿಯಾಗಿ 1997ರ ರಾಷ್ಟ್ರೀಯ ಕ್ರೀಡಾಕೂಟ ಬಂತು. ಕ್ರೀಡಾಪಟುಗಳಿಗೆಂದು ಬಹುಮಹಡಿ ಮನೆಗಳೆದ್ದದ್ದು ಕೋರಮಂಗಲದ ಕೆರೆಯಂಗಳದಲ್ಲಿ. ಅಲ್ಲಿ ದೊಡ್ಡ ಮಳೆಗೆ ನೀರು ನಿಂತರೆ ಪತ್ರಿಕೆಗಳು ‘ಮನೆಗೆ ನೀರು ನುಗ್ಗಿತು’ ಎಂದು ಬರೆಯುತ್ತವೆ. ನುಗ್ಗಿದ್ದು ಯಾರು ಎನ್ನುವುದು ಕೆರೆಯನ್ನು ಕೇಳಿದರೆ ಗೊತ್ತಾದೀತು.

ಒಳ್ಳೆಯ ಸಲಹೆ ಯಾಕೆ ಕಪಾಟು ಸೇರುತ್ತದೆ? ನನಗೆ ತೋಚುವ ಕಾರಣ ಬಹಳ ಸಣ್ಣದು. ಸಲಹೆಗಾರರ ಫೀಸು ಸಾಮಾನ್ಯವಾಗಿ ಕಾಮಗಾರಿಯ ಮೊತ್ತದ ಮೇಲೆ ಶೇಕಡಾ ಇಷ್ಟು ಎಂದಿರುತ್ತದೆ. ‘ಏನೂ ಕಟ್ಟಬೇಡಿ’ ಎಂದರೆ ಕಾಮಗಾರಿ ಸೊನ್ನೆ. ಸೊನ್ನೆಗೆ ಶೇಕಡಾ ಎಷ್ಟು ಹಾಕಿದರೂ ತಜ್ಞರ ಮನೆಯ ಒಲೆ ಉರಿಯುವುದಿಲ್ಲ. ಉದ್ಘಾಟನೆ ಇಲ್ಲ, ಹಾರವಿಲ್ಲ, ಅಮೃತಶಿಲೆಯ ಫಲಕವಿಲ್ಲ. ‘ಈ ಬಯಲನ್ನು ಹೀಗೇ ಬಿಟ್ಟವರು ಇಂಥ ಶಾಸಕರು’ ಎಂಬ ಫಲಕವನ್ನು ನಾನಂತೂ ಎಲ್ಲೂ ಕಂಡಿಲ್ಲ. ಹನುಮಂತರಾಯ ಹಗ್ಗ ತಿನ್ನುವಾಗ ಪೂಜಾರಿ ಶಾವಿಗೆ ಬೇಡಿದ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೆ ಶಾವಿಗೆ ಸಿಗುತ್ತದೆ, ಹಗ್ಗ ಊರವರ ಪಾಲಿಗೆ.

ಹಾನಗಲ್ ತಾಲ್ಲೂಕಿನ ಕುಸನೂರಿನವರಿಗೆ ಹೀಗೆ ಸಿಕ್ಕ ಹಗ್ಗ ನೀಲಗಿರಿ. 1984ರಲ್ಲಿ ಸರ್ಕಾರವೂ ಒಂದು ಖಾಸಗಿ ನಾರಿನ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಹಳ್ಳಿಗಳ ಸುಮಾರು 75,000 ಎಕರೆ ಸಾಮೂಹಿಕ ನೆಲವನ್ನು ನೀಲಗಿರಿ ಬೆಳೆಯಲು ಅದಕ್ಕೆ ವಹಿಸುವ ಏರ್ಪಾಟು. ಕಡತದಲ್ಲಿ ಅದು ‘ಸಿ ಮತ್ತು ಡಿ ದರ್ಜೆ’ಯ ಭೂಮಿ. ಎ, ಬಿ ಖರಾಬು ಆಯಿತು, ಈಗ ಸಿ, ಡಿ ದರ್ಜೆ. ಮಗ್ಗಿಯಂತೆ ಅಕ್ಷರಗಳು ಮುಗಿಯುವುದೇ ಇಲ್ಲ! ಹಳ್ಳಿಯವರಿಗೆ ಅದು ಸೌದೆ, ಮೇವು, ಕಸಬರಿಗೆ ಹುಲ್ಲು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಊರೂರು ತಿರುಗಿದರು, ಎಸ್.ಆರ್. ಹಿರೇಮಠರು ಮುಂದೆ ನಿಂತರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಆ ಕಡೆ ಗಿಡ ನೆಡುವುದಕ್ಕೆ ಹಚ್ಚುವುದು ಎನ್ನುತ್ತಾರೆ. ಸತ್ಯಾಗ್ರಹಕ್ಕೆ ಹೆಸರು ‘ಕಿತ್ತಿಕೋ-ಹಚ್ಚಿಕೋ’. ಎಷ್ಟು ಪಾಂಡಿತ್ಯದ ವರದಿಗೂ ಇಂಥ ಶೀರ್ಷಿಕೆ ಹೊಳೆಯಲಾರದು. 1991ರಲ್ಲಿ ಕಂಪನಿಯ ಬಾಗಿಲು ಮುಚ್ಚಿತು. ನೀಲಗಿರಿ ಸಸಿ ನೆಡಬಾರದೆಂದು ಸರ್ಕಾರವೇ ಹೇಳಿದ್ದು 2017ರಲ್ಲಿ. ಹಾನಗಲ್ಲಿನ ರೈತರಿಗೂ ವಿಧಾನಸೌಧಕ್ಕೂ ನಡುವೆ ಮೂವತ್ತು ವರ್ಷದ ದಾರಿ.

ಎಲ್ಲಿಂದ ಎಲ್ಲಿಗೋ ಹೋದೆ. ನಮ್ಮ ಸಂಘದ ಕೋಣೆಯಲ್ಲಿ ಪಂಚೆಯ ಮೇಲೆ ಕಾರಂಜಿ ಇನ್ನೂ ಚಿಮ್ಮುತ್ತಿತ್ತು. ನಾನು ಎದ್ದು ನಿಂತು, “ಸ್ವಾಮಿ, ಹೊಂಗೆ ಮರ ಎಲ್ಲಿ?” ಅಂದೆ. ತಜ್ಞರು ಗುಂಡಿಯೊಂದನ್ನು ಒತ್ತಿದರು. ಮರ ಇದ್ದಲ್ಲಿ ‘ಫುಡ್ ಕಿಯಾಸ್ಕ್’ ಎಂದು ಬರೆದಿತ್ತು. ಖಾಸಗಿಯವರಿಗೆ ಬಾಡಿಗೆಗೆ ಕೊಟ್ಟರೆ ಕಾರಂಜಿಯ ಕರೆಂಟ್ ಬಿಲ್ಲು ಅದರಲ್ಲೇ ಹುಟ್ಟುತ್ತದಂತೆ. “ಸಾರ್ವಜನಿಕರ ಅನುಕೂಲಕ್ಕೇ ಸರ್” ಎಂದರು.

ಆಗ ಮೇಷ್ಟ್ರು ಒಂದು ಹಳೆಯ ಮೊಕದ್ದಮೆ ತೆಗೆದರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಆದೇಶವಾಗಿತ್ತು. ಆಸ್ಪತ್ರೆಯೂ ಸಾರ್ವಜನಿಕರ ಅನುಕೂಲವೇ ಎಂಬುದು ವಾದ. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು, ಪಾರ್ಕಿನ ಬಯಲಿಗೆ ಖಾಸಗಿ ಆಸ್ಪತ್ರೆ ಬದಲಿಯಾಗಲಾರದು, ಹೀಗೆ ಪರಭಾರೆ ಮಾಡುವ ಅಧಿಕಾರ ನಗರಾಭಿವೃದ್ಧಿ ಪ್ರಾಧಿಕಾರಕ್ಕಿಲ್ಲ, ಇದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು. ಮೇಷ್ಟ್ರು ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ರಾಯರು ನಿಧಾನವಾಗಿ, “ಆದರೆ ಇದು ಪಾರ್ಕಲ್ಲವಲ್ಲ ಮೇಷ್ಟ್ರೇ, ಸಿ.ಎ. ಸೈಟು” ಅಂದರು. ಅವರ ಮಾತಿನಲ್ಲಿ ತೂಕವಿತ್ತು, ಸುಮ್ಮನಾದೆವು. ಎಂಜಿನಿಯರು ಎಂದರೆ ಹೀಗಿರಬೇಕು.

ಆದರೂ ಕೊನೆಗೆ ಒಪ್ಪಿಗೆಯಾದದ್ದು ಇಷ್ಟು: ಇದ್ದಂತೆ ಇರಲಿ, ಸುತ್ತ ಕಸ ಸುರಿಯದಂತೆ ತಂತಿ ಬೇಲಿ ಹಾಕಿಸಿ, ಎರಡು ಕಡೆ ಒಳಗೆ ಬರಲು ದಾರಿ ಬಿಡೋಣ. ದಾರಿ ಸಣ್ಣದಾಗಿದ್ದರೆ ಸಾಲದು, ಅಜ್ಜಿಯ ಬುಟ್ಟಿ ಹಿಡಿಯುವಷ್ಟು ಅಗಲ ಇರಲಿ ಎಂದವರು ಮೂಲೆಮನೆ ಅಮ್ಮನವರು. ತಜ್ಞರಿಗೆ ಕಾಫಿ, ಎರಡು ಚಕ್ಕುಲಿ, ಆಟೋ ಚಾರ್ಜು ಕೊಟ್ಟು ಕಳಿಸಿದೆವು. ರಾಯರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಲಗ್ನಪತ್ರಿಕೆಯ ಹಿಂದೆ ಈಗ ಎರಡನೇ ನಕ್ಷೆ ತಯಾರಾಗಿದೆ, ಪಾರ್ಕಿಂಗು ಇನ್ನೊಂದು ಅಂತಸ್ತು ಕೆಳಗಿಳಿದಿದೆ.

ಅದನ್ನು ಚರ್ಚಿಸಲು ಬರುವ ಭಾನುವಾರ ಹತ್ತೂವರೆಗೆ ಮತ್ತೆ ಸಭೆ. ಸಂಘದ ಕೋಣೆಗೆ ಸುಣ್ಣ ಹೊಡೆಯುತ್ತಿರುವುದರಿಂದ ಹೊಂಗೆ ಮರದ ಕೆಳಗೇ ಸೇರುವುದು. ಕುರ್ಚಿ ನೀವೇ ತನ್ನಿ.